ಬಿಪಿ ಮಾತ್ರೆಗೆ ಪೇಟೆಗೆ ಹೋಗಬೇಕಿಲ್ಲ: ಊರಿನ ಉಪಕೇಂದ್ರದಲ್ಲೇ ಪಡೆಯುವುದು ಹೇಗೆ?

ಅಡಿಕೆ ಕೊಯ್ಲು ಶುರುವಾದರೆ ನಮ್ಮ ದೊಡ್ಡಪ್ಪನಿಗೆ ತನಗೆ ಬಿಪಿ ಇದೆ ಅನ್ನುವುದೇ ಮರೆತುಹೋಗುತ್ತದೆ. ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡ ಬರುವ ದಿನ, ಸುಲಿಯುವವರ ಲೆಕ್ಕ, ಬೇಯಿಸುವ ಹಂಡೆ. ಇದರ ನಡುವೆ ಮಾತ್ರೆ ಖಾಲಿಯಾಗಿ ಹದಿನೈದು ದಿನ ಆಗಿತ್ತು. ಕೇಳಿದರೆ, "ಸಾಗರಕ್ಕೆ ಹೋಗಿ ಬರೋದಂದ್ರೆ ಒಂದು ದಿನ ಹಾಳು ಮಾರಾಯ" ಎಂದರು. ಅವರ ಮನೆಯಿಂದ ಎರಡು ಕಿಲೋಮೀಟರ್ ದೂರದ ಸರ್ಕಾರಿ ಆರೋಗ್ಯ ಉಪಕೇಂದ್ರದಲ್ಲಿ ಅದೇ ಮಾತ್ರೆ ಪುಕ್ಕಟೆ ಸಿಗುತ್ತಿತ್ತು. ಅದು ಬಸುರಿಯರಿಗೆ, ಮಕ್ಕಳ ಚುಚ್ಚುಮದ್ದಿಗೆ ಇರುವ ಜಾಗ ಎಂದುಕೊಂಡಿದ್ದರು ಪಾಪ.

ಹಾಗೆ ಅಂದುಕೊಂಡವರು ಅವರೊಬ್ಬರೇ ಅಲ್ಲ. ಅದಕ್ಕೇ ಈ ಬರಹ.

ಮೊದಲು ನಿಮ್ಮ ಉಪಕೇಂದ್ರ ಯಾವುದು ತಿಳಿದುಕೊಳ್ಳಿ

ಬಯಲುಸೀಮೆಯಲ್ಲಿ 5,000 ಜನಕ್ಕೆ ಒಂದು ಉಪಕೇಂದ್ರ ಎಂಬ ಲೆಕ್ಕವಿದ್ದರೆ, ಗುಡ್ಡಗಾಡಿನಲ್ಲಿ 3,000 ಜನಕ್ಕೆ ಒಂದು. 2018ರಿಂದ ಇವುಗಳನ್ನು ಹಂತಹಂತವಾಗಿ ಮೇಲ್ದರ್ಜೆಗೆ ಏರಿಸಲಾಗಿದೆ. ಬೋರ್ಡಿನಲ್ಲಿ ಈಗ 'ಆಯುಷ್ಮಾನ್ ಆರೋಗ್ಯ ಮಂದಿರ' ಎಂದಿರುತ್ತದೆ. ಅಲ್ಲಿ ಸಮುದಾಯ ಆರೋಗ್ಯ ಅಧಿಕಾರಿ, ಅಂದರೆ ಸಿಎಚ್‌ಒ ಇರುತ್ತಾರೆ. ಬಿಪಿ, ಶುಗರ್ ನೋಡುವುದು ಅವರ ದಿನದ ಕೆಲಸ.

ಯಾವುದು ಎಂದು ಗೊತ್ತಿಲ್ಲದಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ. ಮಂಗನ ಕಾಯಿಲೆ ಕಾಲದಲ್ಲಿ ಕಾಡಿಗೆ ಹೋಗುವವರಿಗೆ ಉಣ್ಣೆ ಕಚ್ಚದ ಹಾಗೆ ಹಚ್ಚಿಕೊಳ್ಳುವ ಡೆಪಾ ಎಣ್ಣೆ ಹಿಡಿದು ಮನೆಗೆ ಬರುತ್ತಾರಲ್ಲ, ಅವರೇ. 30 ದಾಟಿದ ಎಲ್ಲರ ಬಿಪಿ, ಶುಗರ್ ತಪಾಸಣೆಗೆ ಪಟ್ಟಿ ಮಾಡುವುದೂ ಅವರ ಕೆಲಸವೇ. 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಶುರುವಾದ 'ಗೃಹ ಆರೋಗ್ಯ' ಯೋಜನೆ ಆಮೇಲೆ ಉಳಿದ ಜಿಲ್ಲೆಗಳಿಗೂ ಬಂತು. ಅದರಲ್ಲಿ ತಪಾಸಣೆ ಮನೆ ಬಾಗಿಲಲ್ಲೇ ಆಗುತ್ತದೆ. ಶಿವಮೊಗ್ಗ ಪೇಟೆಯವರಾದರೆ ಸರ್ಕಾರದ 'ನಮ್ಮ ಕ್ಲಿನಿಕ್' ವಿಚಾರಿಸಿ.

ಬಿಪಿ ನೋಡಿಸುವಾಗ ಅವಸರ ಬೇಡ

ನಮ್ಮ ಕಡೆ ಉಪಕೇಂದ್ರಕ್ಕೆ ಹೋಗುವುದೆಂದರೆ ಒಂದು ಏರು ಹತ್ತಬೇಕು. ಏದುಸಿರು ಬಿಡುತ್ತಾ ಹೋಗಿ ಕೈ ಚಾಚಿದರೆ ಬಿಪಿ ಜಾಸ್ತಿಯೇ ತೋರಿಸುತ್ತದೆ. ಐದು ನಿಮಿಷ ಸುಮ್ನೆ ಕೂತುಕೊಳ್ಳಿ. ಅರ್ಧ ಗಂಟೆ ಮೊದಲಿನಿಂದ ಕಾಫಿ, ಬೀಡಿ, ಹೊಗೆಸೊಪ್ಪಿನ ಕವಳ ಬೇಡ. ಮೂತ್ರ ಕಟ್ಟಿಕೊಂಡು ಕೂರಬೇಡಿ. ಬೆನ್ನಿಗೆ ಆಸರೆ ಇರಲಿ, ಪಾದ ನೆಲದ ಮೇಲಿರಲಿ, ಕಾಲ ಮೇಲೆ ಕಾಲು ಬೇಡ. ಬಿಪಿ ಮೆಷಿನ್ನಿನ ಪಟ್ಟಿಯನ್ನು ಬರಿ ತೋಳಿಗೇ ಕಟ್ಟಬೇಕು. ಮಳೆಗಾಲದ ಸ್ವೆಟರ್ ಮೇಲೆ ಕಟ್ಟಿದರೆ ಆ ಅಂಕಿ ನಂಬುವ ಹಾಗಿಲ್ಲ. ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲಿರಲಿ. ಮಾತಾಡಬೇಡಿ. ಇದು ನಮ್ಮೂರಿನವರಿಗೆ ಕಷ್ಟ, ಸಿಸ್ಟರ್ ಹತ್ತಿರ ಅಡಿಕೆ ರೇಟು ಹೇಳದಿದ್ದರೆ ಆಗುವುದಿಲ್ಲ.

ಒಂದೆರಡು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಲು ಹೇಳಿ. ಎರಡೂ ಅಂಕಿಯನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. "ಸ್ವಲ್ಪ ಜಾಸ್ತಿ ಇದೆ" ಅನ್ನುವುದು ಲೆಕ್ಕವಲ್ಲ.

ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಮೇಲೆ ಇದ್ದರೆ ಬಿಪಿ ಇದೆ ಎಂದೇ ಅರ್ಥ. ಮೇಲಿನದು, ಕೆಳಗಿನದು, ಎರಡರಲ್ಲಿ ಒಂದು ದಾಟಿದರೂ ಸಾಕು. 180/110 ಮುಟ್ಟಿದ್ದರೆ ನಾಳೆಗೆ ಇಡಬೇಡಿ, ಅವತ್ತೇ ಡಾಕ್ಟರನ್ನು ಕಾಣಿ. ಎದೆನೋವು, ಉಸಿರುಕಟ್ಟು, ಬಾಯಿ ಸೊಟ್ಟಗಾಗುವುದು, ಒಂದು ಕಡೆ ಕೈಕಾಲು ಸೋಲುವುದು ಕಂಡರೆ 108ಕ್ಕೆ ಫೋನ್ ಮಾಡಿ.

ಮಾತ್ರೆ ಶುರು ಮಾಡುವವರು ಡಾಕ್ಟರು, ಮುಂದುವರಿಸುವುದು ಊರಲ್ಲಿ

ಮೊದಲ ಸಲ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್ ನೋಡಿ ಬರೆದುಕೊಡಬೇಕು. ಹೋಗುವುದು ಕಷ್ಟವಾದರೆ ಸಿಎಚ್‌ಒ 'ಇ-ಸಂಜೀವಿನಿ'ಯಲ್ಲಿ ವಿಡಿಯೊ ಮೂಲಕ ಡಾಕ್ಟರ ಜೊತೆ ಮಾತಾಡಿಸುತ್ತಾರೆ. ಸಿಗ್ನಲ್ ಇದ್ದರೆ, ಅನ್ನಿ. ಸಾಮಾನ್ಯವಾಗಿ ಬರೆಯುವುದು ಆಮ್ಲೋಡಿಪಿನ್. ಅದರಲ್ಲಿ ಹತೋಟಿಗೆ ಬರದಿದ್ದರೆ ಟೆಲ್ಮಿಸಾರ್ಟನ್ ಸೇರಿಸುತ್ತಾರೆ. ಆಮ್ಲೋಡಿಪಿನ್‌ನಿಂದ ಕೆಲವರ ಪಾದ ಊದುತ್ತದೆ. ಊದಿದರೆ ಹೇಳಿ, ನೀವೇ ನಿಲ್ಲಿಸಬೇಡಿ. ಬಸುರಿಯಾಗಿದ್ದರೆ ಅಥವಾ ಆಗುವ ಯೋಚನೆ ಇದ್ದರೆ ಮೊದಲೇ ಹೇಳಲೇಬೇಕು, ಟೆಲ್ಮಿಸಾರ್ಟನ್ ಆಗ ಬಾರದು. ಮಂಡಿನೋವಿಗೆ ಅಂಗಡಿಯಿಂದ ತಂದು ನುಂಗುವ ನೋವಿನ ಮಾತ್ರೆಯ ವಿಷಯವನ್ನೂ ಮುಚ್ಚಿಡಬೇಡಿ. ಅವುಗಳಲ್ಲಿ ಹಲವು ಬಿಪಿ ಏರಿಸುತ್ತವೆ.

ಆಮೇಲೆ ತಿಂಗಳಿಗೊಮ್ಮೆ ಉಪಕೇಂದ್ರಕ್ಕೆ ಹೋಗಿ ಬಿಪಿ ನೋಡಿಸಿ, ಮಾತ್ರೆ ತಂದರಾಯಿತು. ಹಳೇ ಚೀಟಿ, ಮಾತ್ರೆಯ ಖಾಲಿ ಪಟ್ಟಿ ಎರಡೂ ಕೈಯಲ್ಲಿರಲಿ. ಕೊನೇ ಮಾತ್ರೆ ನುಂಗಿದ ಮೇಲೆ ಹೊರಡುವುದಲ್ಲ, ಒಂದು ವಾರದ್ದು ಉಳಿದಿರುವಾಗಲೇ ಹೋಗಿ. ಆಷಾಢದ ಮಳೆಯಲ್ಲಿ ಬಸ್ ಬರುವುದಿಲ್ಲ, ಮರ ಬಿದ್ದು ದಾರಿ ಬಂದ್ ಆಗುತ್ತದೆ. ಮಳೆ ಹಿಡಿಯುವ ಮೊದಲೇ ಸ್ವಲ್ಪ ಹೆಚ್ಚು ದಿನಕ್ಕೆ ಕೊಡುತ್ತಾರಾ ಎಂದು ಕೇಳಿ ನೋಡಿ. ಶರಾವತಿ ಹಿನ್ನೀರಿನ ಆಚೆಯ ತುಮರಿ ಕಡೆಯವರಿಗೆ 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ಆಯಿತು, ಲಾಂಚ್ ಕಾಯುವುದು ತಪ್ಪಿತು. ಎಲ್ಲರಿಗೂ ಆ ಅದೃಷ್ಟ ಇಲ್ಲವಲ್ಲ.

ಉಪಕೇಂದ್ರದಲ್ಲಿ ಸ್ಟಾಕ್ ಇಲ್ಲ ಅನ್ನುವ ದಿನವೂ ಬರುತ್ತದೆ. ಆಗ ಬರಿಗೈಲಿ ವಾಪಸ್ ಬರಬೇಡಿ. ಯಾವತ್ತು ಬರುತ್ತದೆ ಕೇಳಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದೆಯಾ ಎಂದು ಅವರಿಂದಲೇ ಫೋನ್ ಮಾಡಿಸಿ. ಅಲ್ಲಿಯವರೆಗೆ ಜನೌಷಧಿ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಕೊಳ್ಳಬಹುದು. ಎರಡು ಮಾತ್ರೆಯಲ್ಲೂ ಹತೋಟಿಗೆ ಬರದಿದ್ದರೆ ತಾಲ್ಲೂಕು ಆಸ್ಪತ್ರೆಗೋ ಶಿವಮೊಗ್ಗದ ಮೆಗ್ಗಾನ್‌ಗೋ ಕಳಿಸುತ್ತಾರೆ. ಅಂಥ ಚೀಟಿ ಕೊಟ್ಟರೆ ತಪ್ಪದೆ ಹೋಗಿ.

ಊಟದ ಬಗ್ಗೆ ಒಂದೇ ಮಾತು. ದಿನಕ್ಕೆ ಉಪ್ಪು 5 ಗ್ರಾಂ ದಾಟಬಾರದು, ಅಂದರೆ ಹೆಚ್ಚುಕಡಿಮೆ ಒಂದು ಟೀ ಚಮಚ. ಸಾರಿನ ಉಪ್ಪು ಎಲ್ಲರಿಗೂ ಲೆಕ್ಕ ಸಿಗುತ್ತದೆ. ಅಪ್ಪೆಮಿಡಿ, ಬಾಳಕದ ಮೆಣಸು, ಹಪ್ಪಳ, ಒಣಮೀನಿನ ಉಪ್ಪನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

"ಈಗ ಆರಾಮಿದ್ದೀನಿ, ಮಾತ್ರೆ ಯಾಕೆ?" ಎಂದು ದೊಡ್ಡಪ್ಪ ಮೊನ್ನೆಯೂ ಕೇಳಿದರು. ಆರಾಮಿರುವುದು ಮಾತ್ರೆಯಿಂದಲೇ ಎಂದು ಸಿಸ್ಟರ್ ಮೂರನೇ ಸಲ ಹೇಳಿದರು. ದೊಡ್ಡಮ್ಮ ಹೇಳುವ ಗೋಜಿಗೇ ಹೋಗಲಿಲ್ಲ. ಮಾತ್ರೆ ಪಟ್ಟಿಯನ್ನು ಕವಳದ ತಟ್ಟೆಯಲ್ಲಿ, ಸುಣ್ಣದ ಡಬ್ಬಿ ಪಕ್ಕ ಇಟ್ಟುಬಿಟ್ಟರು. ತಿಂಡಿ ಆದ ಕೂಡಲೇ ದೊಡ್ಡಪ್ಪನ ಕೈ ಹೋಗುವುದು ಅಲ್ಲಿಗೇ. ಎರಡು ತಿಂಗಳಿಂದ ಒಂದು ದಿನವೂ ತಪ್ಪಿಲ್ಲ. ಪಕ್ಕದಲ್ಲಿದ್ದ ಹೊಗೆಸೊಪ್ಪನ್ನು ತೆಗೆಯುವ ಮಾತುಕತೆ ಇನ್ನೂ ನಡೆಯುತ್ತಿದೆ.