ಬಿಸಿಲೇರಿದರೆ ಮಲಗುವ ಸೋಲಾರ್

ತಿಪಟೂರು ಕಡೆಯ ಒಂದು ಹಳ್ಳಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರ ಮನೆಗೆ 3 ಕಿಲೋವ್ಯಾಟ್ ಸೋಲಾರ್ ಹಾಕಿದ್ದೆ. ಮನೆ ಮೇಲೆಲ್ಲ ತೆಂಗಿನ ಮರದ ನೆರಳು. ಹಾಗಾಗಿ ಪ್ಯಾನೆಲ್, ಅದರ ಕರೆಂಟನ್ನು ಊರಿನ ಲೈನಿಗೆ ಹೊಂದುವಂತೆ ಮಾಡಿ ಕಳಿಸುವ ಇನ್ವರ್ಟರ್ ಎರಡನ್ನೂ ಹಿಂದಿನ ಕೊಟ್ಟಿಗೆಗೆ ಹಾಕಿ, ಮೀಟರ್ ತನಕ 40 ಮೀಟರ್ ವೈರ್ ಎಳೆದಿದ್ದೆ.

ತಿಂಗಳೊಳಗೆ ಫೋನ್ ಬಂತು. "ಏನಪ್ಪಾ, ನಿನ್ನ ಸೋಲಾರ್ ಬೆಳಿಗ್ಗೆ ಚೆನ್ನಾಗಿ ದುಡಿಯುತ್ತೆ. ಸೂರ್ಯ ನೆತ್ತಿಗೆ ಬಂದ ಅಂದ್ರೆ ಮಲಗಿಬಿಡುತ್ತೆ!"

ಹೋಗಿ ನೋಡಿದರೆ ಇನ್ವರ್ಟರ್‌ನಲ್ಲಿ ಓವರ್ ವೋಲ್ಟೇಜ್ ದೂರು. ಅದೂ ಮಂಗಳವಾರಗಳಲ್ಲೇ ಜಾಸ್ತಿ. ಮಂಗಳವಾರ ಏನು ವಿಶೇಷ? ಮೇಷ್ಟ್ರ ಮನೆಯವರೇ ಹೇಳಿದರು: "ಅವತ್ತು ಹಿಟ್ಟಿನ ಗಿರಣಿಗೆ ರಜಾ ಅಲ್ವಾ?"

ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಗಿರಣಿ ಕರೆಂಟ್ ಎಳೆಯದಿದ್ದರೆ ಲೈನಿನ ವೋಲ್ಟೇಜ್ ಏರಿಯೇ ಇರುತ್ತದೆ. ಇನ್ವರ್ಟರ್ ಕರೆಂಟನ್ನು ಲೈನಿಗೆ ತಳ್ಳಬೇಕಾದರೆ ತನ್ನ ವೋಲ್ಟೇಜನ್ನು ಲೈನಿಗಿಂತ ಸ್ವಲ್ಪ ಮೇಲೆ ಇಟ್ಟುಕೊಳ್ಳಬೇಕು. ತಂತಿ ಉದ್ದವಾದಷ್ಟೂ, ಸಣ್ಣದಾದಷ್ಟೂ ಜಾಸ್ತಿ ಏರಿಸಬೇಕು. ಆದರೆ 2013ರ ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮದ ಪ್ರಕಾರ ವೋಲ್ಟೇಜ್ ನಿಗದಿತ ಮಟ್ಟದ ಶೇ. 110 ದಾಟಿದರೆ 2 ಸೆಕೆಂಡಿನೊಳಗೆ ಇನ್ವರ್ಟರ್ ಲೈನಿನಿಂದ ಕಳಚಿಕೊಳ್ಳಬೇಕು. 230ಕ್ಕೆ ಲೆಕ್ಕ ಹಾಕಿದರೆ 253.

ಸೋಲಾರ್ ಆಫ್ ಮಾಡಿ ಅಳೆದೆ. ಗಿರಣಿ ಓಡುವಾಗ ಲೈನಿನಲ್ಲಿ 238 ವೋಲ್ಟ್, ನಿಂತಾಗ 244. ಟಿಸಿಯಿಂದ (ಟ್ರಾನ್ಸ್‌ಫಾರ್ಮರ್) ಮನೆಗೆ 200 ಮೀಟರ್ ವೀಸೆಲ್ ಅನ್ನುವ ಸಣ್ಣ ಅಲ್ಯೂಮಿನಿಯಂ ತಂತಿ. 12 ಆಂಪಿಯರ್ ಹರಿದರೆ ಅದರಲ್ಲಿ ಸುಮಾರು 4.5 ವೋಲ್ಟ್ ಏರುತ್ತದೆ. ಇಷ್ಟೇ ಆದರೆ ಟ್ರಿಪ್ ಆಗಬಾರದು. ಉಳಿದದ್ದು ಎಲ್ಲಿಂದ?

ನನ್ನಿಂದಲೇ. ಕೊಟ್ಟಿಗೆಯಿಂದ ಎಳೆದದ್ದು 2.5 ಚದರ ಮಿ.ಮೀ. ತಾಮ್ರದ ವೈರ್. ಕರೆಂಟ್ ತಡೆಯುತ್ತೆ, ಬಿಸಿಯಾಗಲ್ಲ ಅಂತ ಸುಮ್ನೆ ಹಾಕಿಬಿಟ್ಟಿದ್ದೆ. ಹೋಗಿಬರುವ 80 ಮೀಟರ್‌ಗೆ ಅದೊಂದೇ 7 ವೋಲ್ಟ್ ಏರಿಸುತ್ತಿತ್ತು. ಗಿರಣಿ ರಜೆಯ ದಿನ ಇನ್ವರ್ಟರ್ ಬಾಯಲ್ಲಿ 255 ದಾಟುತ್ತಿತ್ತು. ನನ್ನ ಖರ್ಚಿನಲ್ಲೇ 6 ಚದರ ಮಿ.ಮೀ. ವೈರ್ ಹಾಕಿದೆ. 4 ವೋಲ್ಟ್ ಇಳಿಯಿತು. ಸೋಲಾರ್ ಕರೆಂಟ್ ಮನೆಯಲ್ಲೇ ಖರ್ಚಾಗಲಿ ಅಂತ ಮೇಷ್ಟ್ರು ಮಂಗಳವಾರದ ಓವರ್‌ಹೆಡ್ ಟ್ಯಾಂಕ್ ಮೋಟರನ್ನೂ ಬೆಳಿಗ್ಗೆಯಿಂದ ಮಧ್ಯಾಹ್ನ 12ಕ್ಕೆ ಬದಲಾಯಿಸಿಕೊಂಡರು.

"ಲಿಮಿಟ್ ಏರಿಸಿಬಿಡು, ಯಾರು ನೋಡ್ತಾರೆ" ಅಂದವರೂ ಇದ್ದರು. ಹಾಗೆ ಮಾಡಿದರೆ ಏಟು ಬೀಳೋದು ಅಕ್ಕಪಕ್ಕದವರ ಫ್ರಿಜ್ಜಿಗೆ. ನಾನು ಮುಟ್ಟಲಿಲ್ಲ.

ಇನ್ವರ್ಟರೇ ವೋಲ್ಟೇಜ್ ಹಿಡಿದಿಡುವ ವಿಷಯದಲ್ಲಿ ಈಗ ಬೇಕಾದಷ್ಟು ಸಂಶೋಧನೆ ನಡೆದಿದೆ. ಎಂಜಿನಿಯರುಗಳ ಸಂಸ್ಥೆ ಐಇಇಇಯ 2018ರ 1547 ಮಾನದಂಡ ಆ ಸಾಮರ್ಥ್ಯ ಇರಲೇಬೇಕು ಅನ್ನುತ್ತದೆ. ಒಂದು ದಾರಿ ರಿಯಾಕ್ಟಿವ್ ಪವರ್, ಅಂದರೆ ಕೆಲಸಕ್ಕೆ ಬಾರದೆ ಲೈನಿನಲ್ಲಿ ಹೋಗಿಬರುವ ಪವರ್, ಹೀರಿಕೊಳ್ಳುವುದು. ದೊಡ್ಡ ಲೈನುಗಳಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ನಮ್ಮ ಹಳ್ಳಿಯ ಸಣ್ಣ ತಂತಿಯಲ್ಲಿ ರೆಸಿಸ್ಟೆನ್ಸೇ ಜಾಸ್ತಿ; ಈ ಉಪಾಯ ನಂಬಿಕೊಂಡಿರುವ ರಿಯಾಕ್ಟೆನ್ಸ್ (ಎಸಿ ಕರೆಂಟಿನ ಏರಿಳಿತಕ್ಕೆ ತಂತಿ ಒಡ್ಡುವ ತಡೆ) ಕಡಿಮೆ. ಲೆಕ್ಕ ಹಾಕಿದರೆ 1 ವೋಲ್ಟ್ ಕೂಡ ಇಳಿಯಲ್ಲ. ಅದಕ್ಕೇ ವೋಲ್ಟ್-ವ್ಯಾಟ್ ಸೆಟ್ಟಿಂಗ್ ಆರಿಸಿಕೊಂಡು, ವಿದ್ಯುತ್ ಕಂಪನಿಯ ಸೆಕ್ಷನ್ ಆಫೀಸಿಗೆ ತಿಳಿಸಿ ಹಾಕಿದೆ. ವೋಲ್ಟೇಜ್ ಮಿತಿಯ ಹತ್ತಿರ ಬಂದರೆ ಪೂರ್ತಿ ಮಲಗುವ ಬದಲು ಉತ್ಪಾದನೆ ಸ್ವಲ್ಪ ತಗ್ಗುತ್ತದೆ.

ಈಗ ಮಂಗಳವಾರವೂ ಓಡುತ್ತಿದೆ. ಆದರೆ ಪಕ್ಕದ ಮನೆಯವರೂ ಚಾವಣಿ ಸೋಲಾರ್‌ನ ಸರ್ಕಾರಿ ಯೋಜನೆ ಪಿಎಂ ಸೂರ್ಯಘರ್‌ಗೆ ಅರ್ಜಿ ಹಾಕಿದ್ದಾರೆ. ಅದೇ ಕಂಬ, ಅದೇ ಫೇಸ್. ಇಬ್ಬರೂ ಒಂದೇ ತಂತಿಗೆ ತಳ್ಳಿದರೆ ವೋಲ್ಟೇಜ್ ಮತ್ತೆ ಏರುತ್ತದೆ. ಅವರನ್ನು ಬೇರೆ ಫೇಸಿಗೆ ಹಾಕಿ ಅಂತ ಲೈನ್‌ಮನ್‌ಗೆ ಹೇಳಿ ಬಂದಿದ್ದೇನೆ.