ತುಳಿದರೂ ಜಾರುವ ಹಳೆ ಸೈಕಲ್: ಹಬ್ ಬಿಚ್ಚಿ ಸರಿ ಮಾಡುವುದು ಹೇಗೆ?

ಪೆಡಲ್ ಹಿಂದಕ್ಕೆ ಒತ್ತಿದರೆ ನಿಲ್ಲುವ ಹಳೆ ಸೈಕಲ್ ನಿಮ್ಮ ಮನೆಯಲ್ಲಿದೆಯೇ? ಮುಂದಕ್ಕೆ ತುಳಿದಾಗ ಕಾಲು ಸುಮ್ನೆ ತಿರುಗಿ, ಗಾಲಿ ನಿಂತಲ್ಲೇ ನಿಲ್ಲುತ್ತಿದೆಯೇ? ಹಾಗಂತ ಗುಜರಿಗೆ ಹಾಕಬೇಡಿ. ಕಲಬುರಗಿಯ ಬಿಸಿಲಿಗೆ ವರ್ಷಗಟ್ಟಲೆ ಮೂಲೆಯಲ್ಲಿ ನಿಂತ ಸೈಕಲ್‌ನ ಹಬ್, ಅಂದರೆ ಹಿಂದಿನ ಗಾಲಿಯ ನಡುವಿನ ಲೋಹದ ಗುಂಬದೊಳಗೆ, ಗ್ರೀಸ್ ಒಣಗಿ ಅಂಟಾಗುತ್ತದೆ. ಬಹಳ ಸಲ ರೋಗ ಅಷ್ಟೇ.

ಮೊದಲು ತಪ್ಪು ಎಲ್ಲಿದೆ ನೋಡಿ. ಹಿಂದಿನ ಗಾಲಿಯನ್ನು ಗಟ್ಟಿಯಾಗಿ ಹಿಡಿದು ಪೆಡಲ್ ಮುಂದಕ್ಕೆ ಒತ್ತಿ. ಚೈನ್ ಹಲ್ಲಿನ ಮೇಲೆ ಹಾರಿದರೆ ಚೈನ್ ಇಲ್ಲವೇ ಹಲ್ಲು ಸವೆದಿದೆ. ಕ್ರ್ಯಾಂಕ್ (ಪೆಡಲ್ ಕೂತಿರುವ ದಂಡ) ಟಕ್ ಎಂದು ಅಲುಗಿದರೆ ಅದರ ಪಿನ್ ಸಡಿಲ. ಚೈನ್ ಜೊತೆ ಹಿಂದಿನ ಹಲ್ಲುಚಕ್ರವೂ ತಿರುಗಿ, ಗಾಲಿ ಮಾತ್ರ ನಿಂತರೆ ಹಬ್ ಬಿಚ್ಚಲೇಬೇಕು.

ಜರ್ಮನಿಯ ಫಿಕ್ಟೆಲ್ ಆ್ಯಂಡ್ ಸ್ಯಾಕ್ಸ್ ಕಂಪನಿ 1903ರಲ್ಲಿ ತಂದ ಟಾರ್ಪೆಡೊ ಎಂಬ ಹಬ್ ಮಾದರಿಯನ್ನೇ ನೋಡೋಣ. ಒಳಗೆ 5 ಪುಟ್ಟ ರೋಲರ್‌ಗಳಿವೆ. ಮುಂದಕ್ಕೆ ತುಳಿದಾಗ ಅವು ಇಳಿಜಾರನ್ನು ಏರಿ, ಬಾಗಿಲ ಸಂದಿಗೆ ಹೊಡೆದ ಬೆಣೆಯಂತೆ ಹಬ್ಬಿನ ಗೋಡೆಗೆ ಬಿಗಿಯುತ್ತವೆ. ಆಗಲೇ ಗಾಲಿ ತಿರುಗುವುದು. ಅಂಟಿನಲ್ಲಿ ಸಿಕ್ಕಿದ ರೋಲರ್ ಏರುವುದಿಲ್ಲ.

ಎಡಗಡೆ ಬ್ರೇಕಿನ ತೋಳನ್ನು ಫ್ರೇಮಿಗೆ ಹಿಡಿದಿರುವ ಪಟ್ಟಿ ಬಿಚ್ಚಿ. ನಟ್ ಸಡಿಲಿಸಿ ಗಾಲಿ ಹೊರಗೆ ತೆಗೆಯಿರಿ. ಹಬ್ಬಿನ ಒಂದೊಂದು ಭಾಗ ತೆಗೆದಾಗಲೂ ಮೊಬೈಲಿನಲ್ಲಿ ಫೋಟೊ ಹೊಡೆಯಿರಿ. ಹಳೆ ಪೇಪರ್ ಮೇಲೆ ಬಂದ ಸಾಲಿನಲ್ಲೇ ಜೋಡಿಸಿ. ಯಾವ ಭಾಗ ಯಾವ ಮುಖವಾಗಿತ್ತು ಎಂಬುದು ಮರೆತರೆ ಮಿಸ್ತ್ರಿಗೂ ತಲೆನೋವು.

ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆಯಿರಿ. ಪೆಟ್ರೋಲ್ ಬೇಡ, ಬೆಂಕಿಯ ಭಯ. ಒಣಗಿದ ಮೇಲೆ ರೋಲರ್‌ಗಳನ್ನು ಬೆಳಕಿಗೆ ಹಿಡಿದು ನೋಡಿ. ಒಂದಾದರೂ ಚಪ್ಪಟೆಯಾಗಿದ್ದರೆ ಐದನ್ನೂ ಒಟ್ಟಿಗೆ ಬದಲಿಸಿ. ಅವು ಏರುವ ಇಳಿಜಾರಿನಲ್ಲಿ ಗುಳಿ ಬಿದ್ದಿದ್ದರೆ ಎಷ್ಟು ತೊಳೆದರೂ ಜಾರುತ್ತಲೇ ಇರುತ್ತದೆ, ಆ ಭಾಗವನ್ನೇ ಹುಡುಕಬೇಕು.

ಜಾಸ್ತಿ ಜನ ಎಡವುವುದು ಎಣ್ಣೆಯ ವಿಷಯದಲ್ಲಿ. ರೋಲರ್‌ಗಳಿಗೆ ತೆಳು ಎಣ್ಣೆ ಸಾಕು. ಅಲ್ಲಿ ದಪ್ಪ ಗ್ರೀಸ್ ತುಂಬಿದರೆ ಮತ್ತೆ ಅದೇ ಕಥೆ. ಬೇರಿಂಗ್ ಗುಂಡುಗಳಿಗೆ ಗ್ರೀಸ್ ಹಚ್ಚಿ. ಬ್ರೇಕ್ ಹಾಕಿದಾಗ ಹಿಗ್ಗಿ ಹಬ್ಬಿನ ಗೋಡೆಗೆ ಒತ್ತುವ ಬ್ರೇಕ್ ಕೊಳವೆಗೂ ಶಾಖ ತಡೆಯುವ ಗ್ರೀಸ್ ಧಾರಾಳವಾಗಿ ಬೇಕು. ಬ್ರೇಕಿಗೆ ಗ್ರೀಸಾ ಅಂತ ಆಶ್ಚರ್ಯ ಅಲ್ವಾ? ಈ ಬ್ರೇಕಿನಲ್ಲಿ ಲೋಹಕ್ಕೆ ಲೋಹ ಉಜ್ಜುತ್ತದೆ. ಒಣಗಿದ್ದರೆ ಕಚ್ಚಿಕೊಂಡು ಗಾಲಿ ತಟ್ಟನೆ ನಿಂತುಬಿಡಬಹುದು. ಕೈಬ್ರೇಕಿನ ರಬ್ಬರ್‌ಗೆ ಮಾತ್ರ ಗ್ರೀಸ್ ತಾಗಬಾರದು.

ಜೋಡಿಸುವಾಗ ಕೋನ್ (ಗುಂಡುಗಳನ್ನು ಒತ್ತಿ ಹಿಡಿಯುವ ಬಿಲ್ಲೆ) ಅತಿ ಬಿಗಿ ಮಾಡಬೇಡಿ. ಗಾಲಿ ಸಲೀಸಾಗಿ ತಿರುಗಬೇಕು, ರಿಮ್ ಹಿಡಿದರೆ ಕೂದಲೆಳೆಯಷ್ಟು ಅಲುಗಾಡಬೇಕು. ಚೈನ್ ನಡುವೆ ಒತ್ತಿದರೆ ಸುಮಾರು 1 ಸೆಂ.ಮೀ. ಆಡಲಿ. ತೋಳಿನ ಪಟ್ಟಿಯನ್ನು ಪಾನಾದಿಂದ ಗಟ್ಟಿಯಾಗಿ ಬಿಗಿಯಿರಿ. ಅದು ಸಡಿಲವಾದರೆ ಬ್ರೇಕ್ ಹಿಡಿಯುವುದೇ ಇಲ್ಲ, ತೋಳೇ ಗಿರ್ರೆಂದು ತಿರುಗುತ್ತದೆ. ಇದೊಂದನ್ನು ಎರಡು ಸಲ ನೋಡಿ.

ನೇರ ಕಲಬುರಗಿಯ ಗಿಜಿಗುಡುವ ಜಗತ್ ಸರ್ಕಲ್ ಕಡೆ ಹೊರಡಬೇಡಿ. ಮೊದಲು ಸೈಕಲ್ ತಳ್ಳುತ್ತಾ ಪೆಡಲ್ ಹಿಂದಕ್ಕೆ ಒತ್ತಿ ನೋಡಿ. ಆಮೇಲೆ ಖಾಲಿ ಬಯಲಿನಲ್ಲಿ ನಿಧಾನವಾಗಿ ತುಳಿಯಿರಿ. ಮುಂದಿನ ಕೈಬ್ರೇಕ್ ಸರಿಯಾಗಿರಲಿ. ಚೈನ್ ಕಳಚಿದರೆ ಹಬ್ ಬ್ರೇಕ್ ಕೆಲಸಕ್ಕೆ ಬರುವುದಿಲ್ಲ.