ಊಟಿ, ಕೂನೂರಿನ ಹಳೇ ಪೇಟೆಯಲ್ಲಿ ಟೀ ರುಚಿ ನೋಡಿ ಕೊಳ್ಳುವುದು ಹೇಗೆ?

ತಾಳವಾಡಿಯ ನಮ್ಮ ಮನೆಗೆ ಊಟಿ ಕಡೆಯಿಂದ ಯಾರೇ ಬಂದರೂ ಒಂದು ಪೊಟ್ಟಣ ವರ್ಕಿ (ಊಟಿಯ ಗರಿಗರಿ ಪದರದ ಬಿಸ್ಕತ್ತು), ಒಂದು ಪೊಟ್ಟಣ ಟೀಪುಡಿ ತರುವುದು ವಾಡಿಕೆ. ವರ್ಕಿ ಅವತ್ತೇ ಖಾಲಿ. ಟೀಪುಡಿ ಮಾತ್ರ ತಿಂಗಳುಗಟ್ಟಲೆ ಹಾಗೇ ಕೂತಿರುತ್ತದೆ. ಪೊಟ್ಟಣದ ಮೇಲೆ ಬೆಟ್ಟದ ಚಿತ್ರ, ಒಳಗೆ ನಮ್ಮೂರ ದಿನಸಿ ಅಂಗಡಿಯಲ್ಲೇ ಸಿಗುವಂಥ ಪುಡಿ. ನಾನೂ ಒಮ್ಮೆ ‘ವೈಟ್ ಟೀ’ ಅಂತ ನಂಬಿ 600 ರೂಪಾಯಿ ತೆತ್ತು ಬಂದಿದ್ದೆ. ಮನೆಯಲ್ಲಿ ಮುಚ್ಚಳ ತೆಗೆದರೆ ಹಸಿರು ಟೀಯ ಚೂರು, ಜೊತೆಗೆ ಒಂದಷ್ಟು ಕಡ್ಡಿ. ಅಂಗಡಿಯವನನ್ನು ಬೈದುಕೊಂಡೆ, ಸರಿ. ಆದರೆ ರುಚಿ ನೋಡದೆ ಕೊಂಡವಳು ನಾನೇ ಅಲ್ವಾ? ಆಮೇಲಿಂದ ನಾಲಿಗೆಗೆ ಮುಟ್ಟಿಸದೆ ಟೀ ಕೊಂಡಿಲ್ಲ.

ಹೊರಡುವ ಮುಂಚೆ

ಸ್ವಂತ ಗಾಡಿಯಲ್ಲಿ ಹೋಗುವುದಾದರೆ ನೀಲಗಿರಿ ಜಿಲ್ಲೆಗೆ ಇ-ಪಾಸ್ ಬೇಕು. 2024ರ ಮೇ ತಿಂಗಳಿಂದ ಈ ನಿಯಮ ಬಂದಿದೆ. ಬಂಡೀಪುರದ ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ಒಂದು ಬಟ್ಟೆ ಚೀಲ, ಒಂದು ನೀರಿನ ಸ್ಟೀಲ್ ಬಾಟಲಿ ಇರಲಿ. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ಕಿಗೆ ಅಲ್ಲಿ ನಿಷೇಧವಿದೆ.

ಟೀಗಾಗಿಯೇ ಹೋಗುವವರಿಗೆ ಡಿಸೆಂಬರ್, ಜನವರಿ ಒಳ್ಳೆಯದು. ರಾತ್ರಿ ಮಂಜು ಬೀಳುವ ಆ ದಿನಗಳಲ್ಲಿ ಚಿಗುರು ನಿಧಾನವಾಗಿ ಬೆಳೆಯುತ್ತದೆ, ಕಂಪು ಜಾಸ್ತಿ. ಮೇ ತಿಂಗಳಲ್ಲಿ ಹೋದರೆ ಟೀಗಿಂತ ಟ್ರಾಫಿಕ್ಕೇ ಜಾಸ್ತಿ.

ಮೊದಲು ಊಟಿ, ಕಾಲ್ನಡಿಗೆಯಲ್ಲಿ

ಸೇಂಟ್ ಸ್ಟೀಫನ್ಸ್ ಚರ್ಚಿನಿಂದ ಶುರು ಮಾಡಿ. 1830ರ ಸುಮಾರಿನ ಕಟ್ಟಡ. ಒಳಗೆ ಹೋಗಿ ಒಮ್ಮೆ ತಲೆ ಎತ್ತಿ ನೋಡಿ. ಆ ತೊಲೆಗಳು ಶ್ರೀರಂಗಪಟ್ಟಣದ ಟಿಪ್ಪುವಿನ ಅರಮನೆಯಿಂದ ಬಂದವು. ನಮ್ಮ ಕಡೆಯ ಮರ ಘಾಟಿ ಹತ್ತಿ ಹೋಗಿ ಅಲ್ಲಿ ಕೂತಿದೆ!

ಅಲ್ಲಿಂದ ಇಳಿಯುತ್ತಾ ಕಮರ್ಷಿಯಲ್ ರಸ್ತೆ, ಚೇರಿಂಗ್ ಕ್ರಾಸ್ ಕಡೆಗೆ ನಡೆಯಿರಿ. ಹಿಗ್ಗಿನ್‌ಬಾಥಮ್ಸ್ ಪುಸ್ತಕದಂಗಡಿ, ಚಾಕೊಲೇಟ್ ಅಂಗಡಿಗಳು, ನೀಲಗಿರಿ ಎಣ್ಣೆ ಮಾರುವವರು ಎಲ್ಲ ಇಲ್ಲೇ. ಆ ಮರ ಆಸ್ಟ್ರೇಲಿಯಾದ್ದು, ನಾವು ಕನ್ನಡಿಗರು ಅದಕ್ಕೆ ಬೆಟ್ಟದ ಹೆಸರನ್ನೇ ಇಟ್ಟುಬಿಟ್ಟೆವು. ಬಿಳಿ ಬಟ್ಟೆಯ ಮೇಲೆ ಕೆಂಪು, ಕಪ್ಪು ದಾರದಲ್ಲಿ ನೀಲಗಿರಿಯ ತೋಡ ಬುಡಕಟ್ಟಿನವರು ಮಾಡಿದ ಕಸೂತಿ ಕಂಡರೆ ತಿರುವಿ ಹಾಕಿ ನೋಡಿ. ಕೈಯಲ್ಲಿ ದಾರ ಎಣಿಸಿ ಹೊಲಿಯುವ ಈ ಕಸೂತಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ. ಕಾಡಿನ ಜೇನು ಬೇಕಿದ್ದರೆ ಲಾಸ್ಟ್ ಫಾರೆಸ್ಟ್ ಅಂಗಡಿ ಹುಡುಕಿ.

ವರ್ಕಿ ಕೊಳ್ಳಿ, ತಿನ್ನಬೇಡಿ. ಚಾಕೊಲೇಟೂ ಅಷ್ಟೇ. ಎಣ್ಣೆ, ಸಿಹಿ ನಾಲಿಗೆಗೆ ಮೆತ್ತಿಕೊಂಡರೆ ಮುಂದಿನ ಟೀ ಎಲ್ಲ ಒಂದೇ ಥರ ಅನಿಸುತ್ತದೆ.

ಭಾಷೆಯ ಚಿಂತೆ ಬೇಡ. ಅಂಗಡಿಯವರು ನೀಲಗಿರಿಯ ಬಡಗ ಸಮುದಾಯದವರಾಗಿದ್ದರೆ ಸುಮ್ನೆ ಕನ್ನಡದಲ್ಲೇ ಮಾತಾಡಿ. ಅವರ ಮಾತು ನಮಗೆ ಅರ್ಧ, ನಮ್ಮ ಮಾತು ಅವರಿಗೆ ಮುಕ್ಕಾಲು ತಿಳಿಯುತ್ತದೆ. ಅವರ ಊರುಗಳಿಗೂ ಹಟ್ಟಿ ಅಂತಲೇ ಹೆಸರು.

ಆಮೇಲೆ ರೈಲು ಹತ್ತಿ

ಊಟಿಯಿಂದ ಕೂನೂರಿಗೆ ಪುಟ್ಟ ರೈಲಿನಲ್ಲಿ 19 ಕಿಲೋಮೀಟರು. ಹಬೆ ಎಂಜಿನ್ನೇ ಬೇಕು ಅನ್ನುವವರು ಮೆಟ್ಟುಪಾಳ್ಯಂ ಕಡೆಗೆ ಹೋಗಬೇಕು. ಈ ಭಾಗಕ್ಕೆ ಡೀಸೆಲ್ ಎಂಜಿನ್.

ಕೂನೂರು ಟೀ ವ್ಯಾಪಾರದ ಊರು. ನೀಲಗಿರಿಯ ಟೀ ಹರಾಜು 1963ರಿಂದ ಇಲ್ಲೇ ನಡೆಯುತ್ತಿದೆ. ಸಿಮ್ಸ್ ಪಾರ್ಕ್ ಹತ್ತಿರದ ಹೈಫೀಲ್ಡ್ ಕಾರ್ಖಾನೆಗೆ ಜನರನ್ನು ಒಳಗೆ ಬಿಡುತ್ತಾರೆ. ಬಾಡಿಸುವುದು, ಅರೆಯುವುದು, ಒಣಗಿಸುವುದು ಎಲ್ಲ ಕಣ್ಣೆದುರೇ. ನಾಲ್ಕು ಕಿಲೋಗಿಂತ ಜಾಸ್ತಿ ಹಸಿ ಎಲೆ ಹಾಕಿದರೆ ಒಂದು ಕಿಲೋ ಟೀ. ಕೊನೆಗೆ ಪುಟ್ಟ ಲೋಟದಲ್ಲಿ ಏಲಕ್ಕಿ ಟೀ ಕೊಟ್ಟರೆ ಕುಡಿದು ಸುಧಾರಿಸಿಕೊಳ್ಳಿ, ಆದರೆ ಅದನ್ನು ರುಚಿ ನೋಡುವುದು ಅಂತ ತಿಳಿಯಬೇಡಿ. ಹಾಲು, ಸಕ್ಕರೆ, ಏಲಕ್ಕಿ ಸೇರಿದರೆ ಯಾವ ಪುಡಿಯೂ ಚೆನ್ನಾಗಿಯೇ ಇರುತ್ತದೆ.

ನಿಜವಾಗಿ ರುಚಿ ನೋಡುವುದು

ಕೂನೂರು ಸುತ್ತ ಐದಾರು ಬಗೆ ಟೀ ಸಾಲಾಗಿ ಇಟ್ಟು ಕೂರಿಸುವ ಜಾಗಗಳಿವೆ. ಮೊದಲೇ ಫೋನ್ ಮಾಡಿ ಹೋಗಿ. ಬರೀ ಅಂಗಡಿಯಾದರೆ ‘ಹಾಲು, ಸಕ್ಕರೆ ಬೇಡ, ಬರೀ ಡಿಕಾಕ್ಷನ್ ಕೊಡ್ತೀರಾ ಅಣ್ಣ’ ಅಂತ ಕೇಳಿ. ಒಳ್ಳೇ ಮಾಲು ಇಟ್ಟವರು ಖುಷಿಯಿಂದ ಕೊಡುತ್ತಾರೆ. ಮುಖ ಸಿಂಡರಿಸಿದರೆ ಪಕ್ಕದ ಅಂಗಡಿಗೆ ನಡೆಯಿರಿ.

ಪಳಗಿದವರು ಬಿಳಿ ಪಿಂಗಾಣಿ ಬಟ್ಟಲನ್ನೇ ಬಳಸುತ್ತಾರೆ, ಬಣ್ಣ ನಿಜವಾಗಿ ಕಾಣಲಿ ಅಂತ. ಲೆಕ್ಕ ಇಷ್ಟೇ: 100 ಮಿಲಿ ಕುದಿ ನೀರಿಗೆ 2 ಗ್ರಾಂ ಎಲೆ, ಮುಚ್ಚಳ ಹಾಕಿ 6 ನಿಮಿಷ. ಮನೆಯಲ್ಲಿ ಕುಡಿಯುವುದಕ್ಕೆ ಇದು ಗಡುಸಾಯಿತು. ಆದರೆ ಎಲೆಯ ದೋಷ ಹೊರಗೆ ಬರುವುದು ಹೀಗೆ ಕಟುವಾಗಿ ಇಳಿಸಿದಾಗಲೇ.

ಮೊದಲು ಮುಚ್ಚಳ ತೆಗೆದು ನೆನೆದ ಎಲೆಯನ್ನು ಮೂಸಿ. ಹೂವಿನ, ಹಣ್ಣಿನ ವಾಸನೆ ಬಂದರೆ ಒಳ್ಳೇದು. ಮುಗ್ಗಲು, ಹೊಗೆ ಬಂದರೆ ಅಲ್ಲಿಗೇ ಬಿಡಿ. ಆಮೇಲೆ ಒಂದು ಚಮಚ ತೆಗೆದು ಸೊರ್ರನೆ ಹೀರಿ. ನಾಚಿಕೆ ಬೇಡ. ಗಾಳಿ ಜೊತೆಗೆ ಹೋದರೇನೇ ಕಂಪು ಮೂಗಿಗೆ ಏರುವುದು. ನಾನು ಮೊದಲ ಸಲ ಹೀರಿದಾಗ ಕೆಮ್ಮು ಬಂದು ಅರ್ಧ ಚಮಚ ಸೆರಗಿನ ಮೇಲೆ. ಎರಡನೇ ಸಲ ಗೊತ್ತಾಯಿತು: ಮೊದಲು ಕಂಪು, ಹಿಂದೆಯೇ ನಾಲಿಗೆಯ ಪಕ್ಕಗಳಲ್ಲಿ ಒಗರು, ಆಮೇಲೆ ಬಾಯಿ ತುಂಬ ಒಂಥರಾ ಚುರುಕು. ಬರೀ ಒಗರೇ ಉಳಿದು ನಾಲಿಗೆ ಒಣಗಿದ ಹಾಗಾದರೆ ಆ ಟೀ ಬೇಡ. ನುಂಗಲೇಬೇಕು ಅಂತಿಲ್ಲ, ದಿನವೆಲ್ಲ ರುಚಿ ನೋಡುವವರು ಉಗಿದುಬಿಡುತ್ತಾರೆ.

ಹಗುರದಿಂದ ಗಟ್ಟಿಗೆ ಹೋಗಿ: ವೈಟ್, ಗ್ರೀನ್, ಆಮೇಲೆ ಕಪ್ಪು ಟೀ. ನಡುವೆ ಒಂದು ಗುಟುಕು ನೀರು. ಆರಕ್ಕಿಂತ ಜಾಸ್ತಿ ಬೇಡ, ನಾಲಿಗೆ ಸೋಲುತ್ತದೆ.

ಕೊಳ್ಳುವಾಗ

ಮನೆಯಲ್ಲಿ ಹಾಲು ಹಾಕಿ ಕುದಿಸುವವರಾ? ಹಾಗಾದರೆ ಹರಳು ಹರಳಾದ ಸಿಟಿಸಿ ತಗೊಳ್ಳಿ. ಹಲ್ಲಿರುವ ರೋಲರುಗಳ ನಡುವೆ ಎಲೆ ಚೂರಾಗುವುದರಿಂದ ಬೇಗ ಕಡು ಬಣ್ಣ ಬಿಡುತ್ತದೆ. ಎಲೆಯನ್ನು ಹೊಸೆದು ಸುರುಳಿ ಮಾಡಿದ್ದು ಆರ್ಥೊಡಾಕ್ಸ್. ಇದಕ್ಕೆ ಹಾಲು ಹಾಕಿದರೆ ದುಡ್ಡು ದಂಡ. ಒಳ್ಳೇ ವೈಟ್ ಟೀಯಲ್ಲಿ ಬೆಳ್ಳಿ ಬಣ್ಣದ ನವಿರು ಕೂದಲಿರುವ ಮೊಗ್ಗು ಕಾಣುತ್ತದೆ. ಮೊಗ್ಗು ಕಾಣದಿದ್ದರೆ ಕೊಳ್ಳಬೇಡಿ, ನನ್ನ 600 ರೂಪಾಯಿ ಸಾಕ್ಷಿ.

ಕಲಬೆರಕೆಯ ಅನುಮಾನವಿದ್ದರೆ ಒದ್ದೆ ಬಿಳಿ ಕಾಗದದ ಮೇಲೆ ಚಿಟಿಕೆ ಪುಡಿ ಉದುರಿಸಿ. ಕೂಡಲೇ ಬಣ್ಣ ಹರಡಿದರೆ ಅದು ಹಾಕಿದ ಬಣ್ಣ. ಯಾವ ಅಂಗಡಿಯೂ ಬೇಡ ಅನಿಸಿದರೆ ಸಣ್ಣ ಬೆಳೆಗಾರರ ಸಹಕಾರಿ ಕಾರ್ಖಾನೆಗಳ ಇಂಡ್ಕೋಸರ್ವ್, ಶ್ರೀಲಂಕಾದಿಂದ ಮರಳಿದ ಕುಟುಂಬಗಳಿಗೆ ಕೆಲಸ ಕೊಡಲು ಶುರುವಾದ ಟ್ಯಾನ್‌ಟೀ ಮಳಿಗೆಗಳಿವೆ. ಡಬ್ಬಿ ಸಾದಾ, ದರ ಮುದ್ರಿಸಿರುತ್ತದೆ, ಚೌಕಾಸಿಯ ಗೋಜಿಲ್ಲ.

100 ಗ್ರಾಂಗಿಂತ ಜಾಸ್ತಿ ಒಂದೇ ಬಗೆಯದು ಬೇಡ. ಮನೆಗೆ ತಂದ ಮೇಲೆ ಗಾಳಿಯಾಡದ ಡಬ್ಬಕ್ಕೆ ಹಾಕಿ, ಸಾಂಬಾರ ಪದಾರ್ಥಗಳಿಂದ ದೂರ ಇಡಿ. ನಮ್ಮತ್ತೆ ಒಮ್ಮೆ ಇಂಗಿನ ಡಬ್ಬಿಯ ಪಕ್ಕ ಇಟ್ಟಿದ್ದರು. ಆ ವಾರವೆಲ್ಲ ನಾವು ಕುಡಿದದ್ದು ಸಾರು.